ಬಾಯಿಬಿಡದ ಹುಡುಗಿಗೂ ಒಂದು ವಾರದ ವಾರ್ಡು: ನರ್ಸಿಂಗ್ ಬ್ಯಾಚಿನಲ್ಲಿ ಎಲ್ಲರನ್ನೂ ಸೇರಿಸಿಕೊಂಡು ಹೋಗುವ ಲೀಡರ್‌ಗಳನ್ನು ಬೆಳೆಸುವುದು ಹೇಗೆ

ಬೆಳಿಗ್ಗೆ ಏಳೂ ಮುಕ್ಕಾಲು. ಹಾಸನದ ಒಂದು ಆಸ್ಪತ್ರೆ, ಹೆಂಗಸರ ಸರ್ಜಿಕಲ್ ವಾರ್ಡು. ನೈಟ್ ಡ್ಯೂಟಿ ಮುಗಿಸಿದ ವಿದ್ಯಾರ್ಥಿಗಳು ಹ್ಯಾಂಡಿಂಗ್ ಓವರ್ ಕೊಡುತ್ತಿದ್ದರು, ಅಂದರೆ ಒಂದೊಂದು ಬೆಡ್ಡಿನ ವಿಷಯವನ್ನೂ ಮುಂದಿನ ಡ್ಯೂಟಿಯವರಿಗೆ ಒಪ್ಪಿಸುತ್ತಿದ್ದರು. ಹನ್ನೊಂದನೇ ಬೆಡ್ಡಿನ ಹತ್ತಿರ ಕೇರಳದ ಹುಡುಗಿಯೊಬ್ಬಳು ಇಂಗ್ಲಿಷಿನಲ್ಲಿ ಪಟಪಟ ಒಪ್ಪಿಸಿದಳು. ಆಪರೇಷನ್ ಆಗಿ ಎರಡನೇ ದಿನ, ಬಿಪಿ ಸರಿ ಇದೆ, ಜ್ವರ ಇಲ್ಲ, ಕ್ಯಾಥೆಟರ್ (ಮೂತ್ರದ ಟ್ಯೂಬ್) ನಿನ್ನೆ ರಾತ್ರಿ ತೆಗೆದಿದೆ, ಪೇಷೆಂಟ್ ಆರಾಮಾಗಿದ್ದಾರೆ. ಎಲ್ಲರೂ ಬರೆದುಕೊಂಡೆವು. ಮುಂದಿನ ಬೆಡ್ಡಿಗೆ ಹೋದೆವು.

ಗುಂಪಿನ ಕೊನೆಯಲ್ಲಿ ಅರಕಲಗೂಡು ಕಡೆಯ ಹುಡುಗಿಯೊಬ್ಬಳು ನಿಂತಿದ್ದಳು. ಬೆಳಗಿನ ಜಾವ ಐದಕ್ಕೆ ಆ ಬೆಡ್ಡಿನ ಅಜ್ಜಿ ಅವಳ ಕೈ ಹಿಡಿದು, "ಒಂದಕ್ಕೆ ಹೋಗಕ್ಕೇ ಆಗ್ತಿಲ್ಲ ಕಣವ್ವ, ಕಿಬ್ಬೊಟ್ಟೆ ಕಲ್ಲಾಗೈತೆ" ಅಂದಿದ್ದರಂತೆ. ಹುಡುಗಿ ಏನೂ ಹೇಳಲಿಲ್ಲ. ಹತ್ತೂವರೆಗೆ ಡಾಕ್ಟರ್ ರೌಂಡ್ಸ್‌ಗೆ ಬಂದು ಹೊಟ್ಟೆ ಮುಟ್ಟಿದಾಗಲೇ ಗೊತ್ತಾಗಿದ್ದು. ಮತ್ತೆ ಕ್ಯಾಥೆಟರ್ ಹಾಕಿದರು. ಬ್ಯಾಗು ತುಂಬುತ್ತಾ ಹೋಯಿತು, ಅಜ್ಜಿ ಕಣ್ಣೀರು ಹಾಕಿಕೊಂಡು ಉಸ್ಸಪ್ಪಾ ಅಂದರು.

ಆಮೇಲೆ ಹುಡುಗಿಯನ್ನು ಕರೆದು ಕೇಳಿದೆ. "ಇಂಗ್ಲಿಷಲ್ಲಿ ಹೆಂಗೆ ಹೇಳೋದು ಅಂತ ಯೋಚನೆ ಮಾಡ್ತಿದ್ದೆ ಮೇಡಂ. ಅಷ್ಟರಲ್ಲಿ ಎಲ್ರೂ ಮುಂದಿನ ಬೆಡ್ಡಿಗೆ ಹೋಗಿಬಿಟ್ರಿ."

ತಪ್ಪು ಅವಳದಲ್ಲ. ಹ್ಯಾಂಡಿಂಗ್ ಓವರನ್ನು ವೈವಾ ಪರೀಕ್ಷೆಯ ಹಾಗೆ ನಡೆಸುತ್ತಿದ್ದವಳು ಅವರ ಟ್ಯೂಟರ್ ಆದ ನಾನು. ಯಾರು ಬೇಗ ಮಾತಾಡುತ್ತಾರೋ ಅವರೇ ಲೀಡರ್ ಅಂತ ಒಪ್ಪಿಕೊಂಡಿದ್ದವಳೂ ನಾನೇ. ಆ ದಿನದಿಂದ ಒಂದೊಂದೇ ಬದಲಾಯಿಸುತ್ತಾ ಬಂದೆ. ಅದರಲ್ಲಿ ಉಳಿದದ್ದನ್ನು, ಕೈಕೊಟ್ಟದ್ದನ್ನು ಎರಡನ್ನೂ ಇಲ್ಲಿ ಬರೆಯುತ್ತಿದ್ದೇನೆ. ಟ್ಯೂಟರ್‌ಗಳು, ವಾರ್ಡ್ ಇನ್‌ಚಾರ್ಜ್‌ಗಳು, ಕೊನೆಯ ವರ್ಷದ ವಿದ್ಯಾರ್ಥಿಗಳು ಯಾರು ಬೇಕಾದರೂ ಶುರು ಮಾಡಬಹುದು. ದುಡ್ಡು ಬೇಡ, ಒಂದು ನೋಟ್‌ಬುಕ್ ಸಾಕು.

ಹಾಸನಕ್ಕೆ ಇದು ಯಾಕೆ ಜಾಸ್ತಿ ಬೇಕು ಅಂದರೆ, ನಮ್ಮ ಒಂದೊಂದು ಬ್ಯಾಚೂ ಒಂದು ಸಣ್ಣ ಸಂತೆ. ಅರಸೀಕೆರೆ ಕಡೆಯ ತಾಂಡಾದಿಂದ ಬಂದವಳು, ಸಕಲೇಶಪುರದ ಎಸ್ಟೇಟ್ ಲೈನಿನಲ್ಲಿ ತಮಿಳು ಮಾತಾಡುತ್ತಾ ಬೆಳೆದವಳು, ಹಾಸನ ಪೇಟೆಯ ಉರ್ದು ಮನೆಯ ಹುಡುಗಿ, ಚನ್ನರಾಯಪಟ್ಟಣದ ರೈತರ ಮಗ, ಕೇರಳದವರು, ಈಶಾನ್ಯ ರಾಜ್ಯದವರು. ಪೇಷೆಂಟ್‌ಗಳೂ ಹಾಗೇ. ಜಿಲ್ಲೆಯ ಮೂಲೆಮೂಲೆಯಿಂದ ಜನ ಹಾಸನದ ಆಸ್ಪತ್ರೆಗಳಿಗೆ ಬರುತ್ತಾರೆ. ಕಾಫಿ ತೋಟಕ್ಕೆ ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದ ಕೂಲಿಯವರು, ಬೇಲೂರು ಕಡೆಯ ಹಕ್ಕಿಪಿಕ್ಕಿ ಕುಟುಂಬದವರು ಒಂದೇ ವಾರ್ಡಿನಲ್ಲಿ ಅಕ್ಕಪಕ್ಕ ಮಲಗಿರುತ್ತಾರೆ. ಇವರೆಲ್ಲರ ಮಾತು ಒಬ್ಬಳೇ ಚುರುಕು ಹುಡುಗಿಯ ಕಿವಿಗೆ ಬೀಳಲು ಸಾಧ್ಯವೇ ಇಲ್ಲ.

2021ರ ಪರಿಷ್ಕೃತ ಬಿಎಸ್ಸಿ ನರ್ಸಿಂಗ್ ಪಠ್ಯಕ್ರಮದಲ್ಲಿ ನಿರ್ವಹಣೆ ಮತ್ತು ನಾಯಕತ್ವ ಅಂತ ಒಂದು ವಿಷಯವೇ ಇದೆ. ಅದು ಬರುವುದು ಆರನೇ ಸೆಮಿಸ್ಟರಿನಲ್ಲಿ. ಆದರೆ ಯಾರು ಮಾತಾಡಬೇಕು, ಯಾರು ಸುಮ್ನೆ ಟ್ರೇ ಹಿಡಿದು ನಿಲ್ಲಬೇಕು ಅನ್ನುವುದು ಮೊದಲ ಸೆಮಿಸ್ಟರಿನ ಮೊದಲ ತಿಂಗಳಲ್ಲೇ ತೀರ್ಮಾನ ಆಗಿರುತ್ತದೆ. ಪಠ್ಯ ಬರುವ ತನಕ ಕಾಯಬೇಡಿ.

ಮೊದಲು ಗೀಟು ಹಾಕಿ

ಮೊದಲ ವಾರ ಏನನ್ನೂ ಬದಲಾಯಿಸಬೇಡಿ. ಬ್ಯಾಚಿನವರ ಹೆಸರನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ರೌಂಡ್ಸ್, ಹ್ಯಾಂಡಿಂಗ್ ಓವರ್, ಕೇಸ್ ಪ್ರೆಸೆಂಟೇಷನ್‌ಗಳಲ್ಲಿ ಯಾರು ತಾವಾಗಿಯೇ ಮಾತಾಡಿದರೋ ಅವರ ಮುಂದೆ ಉದ್ದ ಗೀಟು. ಕೇಳಿದ ಮೇಲೆ ಉತ್ತರ ಕೊಟ್ಟವರಿಗೆ ಅಡ್ಡ ಗೀಟು. ಪಕ್ಕದಲ್ಲಿ ಇನ್ನೊಂದು ಸಾಲು ಎಳೆದು, ಯಾರಿಗೆ ಯಾವ ಕೆಲಸ ಹೋಯಿತು ಅಂತ ಬರೆಯಿರಿ. ಚಾರ್ಟ್ ಬರೆಯಲು ಕೂತವರು ಯಾರು, ಬೆಡ್‌ಪ್ಯಾನ್ ಎತ್ತಿದವರು ಯಾರು, ಸ್ಯಾಂಪಲ್ ಹಿಡಿದು ಲ್ಯಾಬಿಗೆ ಓಡಿದವರು ಯಾರು.

ನನ್ನ ಹಾಳೆಯಲ್ಲಿ ಉದ್ದ ಗೀಟು ಇದ್ದದ್ದು ನಾಲ್ಕೈದು ಜನಕ್ಕೆ. ಲ್ಯಾಬಿಗೆ ಓಡುತ್ತಿದ್ದವರು ವಾರಪೂರ್ತಿ ಅದೇ ಇಬ್ಬರು. ಇಬ್ಬರೂ ಕನ್ನಡ ಮೀಡಿಯಂ. ಹುಡುಗರ ಮುಂದೆ ಬರೀ ಸ್ಟ್ರೆಚರ್, ಸಿಲಿಂಡರ್.

ಈಗ ಎರಡನೇ ಲೆಕ್ಕ, ಇದು ಸ್ವಲ್ಪ ಚುಚ್ಚುತ್ತದೆ. ನೀವು ಯಾರ ಹೆಸರು ಕರೆದಿರಿ? ನಮ್ಮ ಬ್ಯಾಚಿನಲ್ಲಿ ಈಶಾನ್ಯದ ಹುಡುಗಿಯೊಬ್ಬಳಿದ್ದಳು. ಅವಳ ಹೆಸರು ನನ್ನ ನಾಲಿಗೆಗೆ ಸಲೀಸಾಗಿ ಬರುತ್ತಿರಲಿಲ್ಲ. ತಪ್ಪು ಹೇಳಿ ನಗೆಪಾಟಲಾಗುವುದು ಬೇಡ ಅಂತ ಇಡೀ ವಾರ ಅವಳನ್ನು ಕರೆದೇ ಇರಲಿಲ್ಲ. ಶನಿವಾರ ಅವಳನ್ನು ಕೂರಿಸಿಕೊಂಡು, ನಿಧಾನಕ್ಕೆ ಹೇಳಮ್ಮಾ ಅಂದೆ. ಕೇಳಿದ ಹಾಗೆ ಕನ್ನಡದಲ್ಲಿ ಬರೆದುಕೊಂಡೆ. ಮೂರು ಸಲ ತಿದ್ದಿದಳು. ನಾಲ್ಕನೇ ಸಲ ಸರಿಯಾಯಿತು.

ಹೆಸರು ಸಣ್ಣ ವಿಷಯ ಅಂತ ಅನ್ನಿಸಬಹುದು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಆಪರೇಷನ್ ಸುರಕ್ಷತಾ ಪಟ್ಟಿಯಲ್ಲಿ, ಚರ್ಮಕ್ಕೆ ಬ್ಲೇಡ್ ತಾಗಿಸುವ ಮೊದಲು ಥಿಯೇಟರಿನಲ್ಲಿರುವ ಎಲ್ಲರೂ ತಮ್ಮ ಹೆಸರು, ಕೆಲಸ ಹೇಳಿಕೊಳ್ಳಬೇಕು ಅಂತಿದೆ. ಹೆಸರು ಗೊತ್ತಿದ್ದರೆ ಕರೆಯುವುದು ಸುಲಭ, ಒಮ್ಮೆ ಬಾಯಿಬಿಟ್ಟವರಿಗೆ ಎರಡನೇ ಸಲ ಮಾತಾಡುವುದೂ ಸುಲಭ. ನಮ್ಮ ವಾರ್ಡಿನಲ್ಲಿ ಡ್ಯೂಟಿ ಶುರುವಾಗುವ ಮುಂಚೆ ಇದನ್ನೇ ಮಾಡುತ್ತೇವೆ. ಹೆಸರು, ನನಗೆ ಯಾವ ಬೆಡ್ಡು, ಇವತ್ತು ನನಗೆ ಯಾವ ಕೆಲಸ ಗೊತ್ತಿಲ್ಲ. ಮೂರೇ ಮಾತು. ಕೊನೆಯದು ಮುಖ್ಯ. ನಾನೇ ಮೊದಲು ಹೇಳುತ್ತೇನೆ. ಹೊಸ ಇನ್‌ಫ್ಯೂಷನ್ ಪಂಪ್ ಬಂದ ದಿನ, ಇದನ್ನು ಸೆಟ್ ಮಾಡಲು ನನಗೆ ಬರಲ್ಲ ಅಂದಾಗ ಹುಡುಗಿಯರು ಮುಖಮುಖ ನೋಡಿಕೊಂಡರು.

ಲೀಡರ್ ಅನ್ನು ಆರಿಸಬೇಡಿ, ಸರದಿ ಹಾಕಿ

ಮಾರ್ಕ್ಸ್ ನೋಡಿ ಆರಿಸಿದರೆ ಒಬ್ಬರು ಬರುತ್ತಾರೆ, ವೋಟು ಹಾಕಿಸಿದರೆ ಇನ್ನೊಬ್ಬರು ಬರುತ್ತಾರೆ. ಎರಡರಲ್ಲೂ ಅರಕಲಗೂಡಿನ ಹುಡುಗಿ ಬರುವುದಿಲ್ಲ. ಅದಕ್ಕೆ ಸರದಿ. ಪೋಸ್ಟಿಂಗಿನ ಆರು ಜನರ ಗುಂಪಿಗೆ ವಾರಕ್ಕೊಬ್ಬರು ಲೀಡರ್. ಜೊತೆಗೊಬ್ಬರು ಸಹಾಯಕರು. ಈ ವಾರ ಸಹಾಯಕರಾದವರು ಮುಂದಿನ ವಾರದ ಲೀಡರ್. ಹಾಗಾಗಿ ಯಾರೂ ಏನೂ ಗೊತ್ತಿಲ್ಲದೆ ನೀರಿಗೆ ಬೀಳುವುದಿಲ್ಲ.

ಮೊದಲ ವಾರ ಯಾರಿಗೆ ಕೊಡಬೇಕು ಅನ್ನುವುದರಲ್ಲಿ ನಾನು ಒಮ್ಮೆ ಎಡವಿದ್ದೇನೆ. ತೀರಾ ಅಂಜುವ ಹುಡುಗಿಗೆ ಮೊದಲ ವಾರವೇ ಕೊಟ್ಟೆ. ಎರಡನೇ ದಿನ ಜ್ವರ ಅಂತ ಹಾಸ್ಟೆಲ್ಲಿನಲ್ಲಿ ಮಲಗಿದಳು. ಜ್ವರ ಇರಲಿಲ್ಲ. ಈಗ ಮಧ್ಯಮ ಸ್ವಭಾವದವರಿಂದ ಶುರು ಮಾಡಿ, ಅಂಜುವವರನ್ನು ಮೂರನೇ, ನಾಲ್ಕನೇ ವಾರಕ್ಕೆ ಇಡುತ್ತೇನೆ. ಅಷ್ಟರಲ್ಲಿ ಅವರು ಎರಡು ಮೂರು ಬಗೆಯ ಲೀಡರ್‌ಗಳನ್ನು ನೋಡಿರುತ್ತಾರೆ. ಜೋರಾಗಿ ಮಾತಾಡದೆಯೂ ವಾರ್ಡು ನಡೆಸಬಹುದು ಅಂತ ಕಣ್ಣಾರೆ ಕಂಡಿರುತ್ತಾರೆ.

ಲೀಡರ್ ಕೆಲಸ ಏನು ಅಂತ ಸ್ಪಷ್ಟವಾಗಿ ಬರೆದುಕೊಡಿ. ಇಲ್ಲದಿದ್ದರೆ ಅದು ಹಾಜರಿ ತೆಗೆಯುವ, ಮೇಡಂಗೆ ಟೀ ತರಿಸುವ ಕೆಲಸವಾಗಿಬಿಡುತ್ತದೆ. ನಮ್ಮಲ್ಲಿ ಹೀಗಿದೆ. ಡ್ಯೂಟಿಗೆ ಹದಿನೈದು ನಿಮಿಷ ಮೊದಲು ಬಂದು ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಯಾವ ಬೆಡ್ಡಿನವರು ಸೀರಿಯಸ್ ಅಂತ ಕೇಳಿಕೊಳ್ಳುವುದು. ಬೆಡ್ಡು ಹಂಚುವುದು. ಹತ್ತು ಗಂಟೆಗೆ ಒಂದು ಸುತ್ತು ಬಂದು ಯಾರಿಗೆ ಕೆಲಸ ಮುಗಿಯುತ್ತಿಲ್ಲ ಅಂತ ನೋಡಿ ಕೈಜೋಡಿಸುವುದು. ಯಾರೂ ಊಟ ಬಿಡದ ಹಾಗೆ ಇಬ್ಬಿಬ್ಬರನ್ನೇ ಕಳಿಸುವುದು. ಕೊನೆಗೆ ಹ್ಯಾಂಡಿಂಗ್ ಓವರ್ ನಡೆಸುವುದು. ನಡೆಸುವುದು ಅಂದೆ, ಒಪ್ಪಿಸುವುದು ಅಲ್ಲ. ಆಯಾ ಬೆಡ್ಡಿನ ವಿಷಯ ಆ ಬೆಡ್ಡು ನೋಡಿಕೊಂಡವರೇ ಹೇಳಬೇಕು.

ಹಂಚುವುದಕ್ಕೆ ಎರಡು ಕಟ್ಟುಪಾಡು ಇವೆ. ಒಬ್ಬರಿಗೇ ಒಂದೇ ಕೆಲಸ ಎರಡು ದಿನ ಬರಬಾರದು. ವಾರದಲ್ಲಿ ಒಂದು ದಿನ ಎಲ್ಲರೂ ಮೂಗು ಮುರಿಯುವ ಕೆಲಸ ಲೀಡರ್‌ಗೇ ಸೇರಬೇಕು. ಕೊಳೆತ ಗಾಯದ ಡ್ರೆಸ್ಸಿಂಗೋ, ಬೇಧಿಯ ಪೇಷೆಂಟಿನ ಬೆಡ್ಡೋ. ಒಮ್ಮೆ ಲೀಡರ್ ಆಗಿದ್ದ ಹುಡುಗ ಬಟ್ಟೆ ಬದಲಾಯಿಸಿ ಬಂದು, "ಇದನ್ನ ದಿನಾ ಅವಳಿಗೇ ಕೊಡ್ತಿದ್ವಾ ಮೇಡಂ?" ಅಂತ ಕೇಳಿದ. ಹೂಂ ಅಂದೆ.

ಸರದಿ ಬಂದಾಗ ಚುರುಕಿನವರಿಗೆ ಬೇಜಾರಾಗುತ್ತದೆ, ಅದಕ್ಕೂ ತಯಾರಿರಿ. ನಮ್ಮ ಕೇರಳದ ಹುಡುಗಿ ನೇರವಾಗಿ ಬಂದು, ನಾನೇನು ತಪ್ಪು ಮಾಡಿದೆ ಮೇಡಂ ಅಂದಳು. ನ್ಯಾಯವಾದ ಪ್ರಶ್ನೆ. ಅವಳು ಏನೂ ತಪ್ಪು ಮಾಡಿರಲಿಲ್ಲ, ಚೆನ್ನಾಗಿ ಓದಿದ್ದಳು ಅಷ್ಟೇ. ಅವಳ ಬಾಯಿ ಮುಚ್ಚಿಸಿದರೆ ನಮಗೇ ನಷ್ಟ. ಅವಳಿಗೆ ಬೇರೆ ಕೆಲಸ ಕೊಟ್ಟೆ. ದಿನಕ್ಕೊಮ್ಮೆ, ಮಾತಾಡದ ಒಬ್ಬರ ಬಾಯಿಂದ ಪೇಷೆಂಟಿನ ಬಗ್ಗೆ ನಮಗ್ಯಾರಿಗೂ ಗೊತ್ತಿಲ್ಲದ ಒಂದು ವಿಷಯ ಹೊರಡಿಸಬೇಕು. ಮೊದಲೆರಡು ದಿನ ಪೊಲೀಸರ ಹಾಗೆ ವಿಚಾರಣೆ ಮಾಡಿದಳು. ಮೂರನೇ ದಿನ ಪಕ್ಕದಲ್ಲಿ ಕೂತು ಕೇಳಲು ಕಲಿತಳು.

ಭಾಷೆ: ಇಲ್ಲಿ ಸ್ವಲ್ಪ ನಿಲ್ಲೋಣ

ಔಷಧಿಯ ಹೆಸರು, ಡೋಸು, ಟೈಮು, ಲ್ಯಾಬ್ ರಿಪೋರ್ಟು ಇಂಗ್ಲಿಷಿನಲ್ಲೇ ಇರಲಿ. ಅದರಲ್ಲಿ ರಾಜಿ ಬೇಡ, ಕೇಸ್ ಶೀಟ್ ಇರುವುದೇ ಹಾಗೆ. ಉಳಿದದ್ದನ್ನು ಯಾವ ಭಾಷೆಯಲ್ಲಿ ಬೇಕಾದರೂ ಹೇಳಲಿ. ಆದರೆ ಒಂದು ಕ್ರಮದಲ್ಲಿ ಹೇಳಲಿ. ಎಸ್‌ಬಾರ್ ಅಂತ ನಾವು ಕಲಿಸುವುದು ಅದನ್ನೇ. ಅಮೆರಿಕದ ನೌಕಾಪಡೆಯ ಸಬ್‌ಮೆರೀನ್‌ಗಳಲ್ಲಿ ಹುಟ್ಟಿ ಆಮೇಲೆ ಆಸ್ಪತ್ರೆಗೆ ಬಂದ ಕ್ರಮ ಅದು. ಕನ್ನಡದಲ್ಲಿ ನಾಲ್ಕು ಪ್ರಶ್ನೆ: ಈಗ ಏನಾಗಿದೆ? ಹಿಂದೆ ಏನಾಗಿತ್ತು? ನನಗೆ ಏನು ಅನ್ನಿಸುತ್ತಿದೆ? ಏನು ಮಾಡಬೇಕು?

ಆ ಹನ್ನೊಂದನೇ ಬೆಡ್ಡಿನ ವಿಷಯವನ್ನು ಅದೇ ಹುಡುಗಿಯ ಕೈಲಿ ಹೀಗೆ ಹೇಳಿಸಿದೆ: "ಕ್ಯಾಥೆಟರ್ ತೆಗೆದು ಎಂಟು ಗಂಟೆ ಮೇಲಾಯ್ತು, ಇನ್ನೂ ಯೂರಿನ್ ಹೋಗಿಲ್ಲ. ಆಪರೇಷನ್ ಆಗಿ ಎರಡನೇ ದಿನ. ಮುಟ್ಟಿ ನೋಡಿದೆ, ಕಿಬ್ಬೊಟ್ಟೆ ಗಟ್ಟಿಯಾಗಿದೆ, ಬ್ಲ್ಯಾಡರ್ ತುಂಬಿದೆ ಅನ್ಸುತ್ತೆ. ಡಾಕ್ಟರಿಗೆ ಈಗ್ಲೇ ಹೇಳಬೇಕು." ಗಡಿಯಾರ ನೋಡಿದೆವು, ಅರ್ಧ ನಿಮಿಷವೂ ಆಗಿರಲಿಲ್ಲ. ಮೂರನೇ ಪ್ರಶ್ನೆಯೇ ಇವರಿಗೆ ಕಷ್ಟ. ನನಗೆ ಅನ್ನಿಸಿದ್ದನ್ನು ಯಾರು ಕೇಳುತ್ತಾರೆ ಅಂತ ಚಿಕ್ಕಂದಿನಿಂದ ಬೆಳೆದವರು. ಅದನ್ನೇ ಹೆಚ್ಚು ಸಲ ಹೇಳಿಸಿ.

ಇನ್ನೊಂದು ಕಡೆಯ ಕೆಲಸವೂ ಇದೆ. ಕನ್ನಡ ಬಾರದವರು ಪೇಷೆಂಟಿನ ಮಾತು ಕಲಿಯಬೇಕು. ಪುಸ್ತಕದ ಕನ್ನಡ ಅಲ್ಲ. ನಮ್ಮ ಕಡೆ ಪೇಷೆಂಟ್‌ಗಳು ಹೇಳುವುದನ್ನು ಕೇಳಿಸಿಕೊಂಡು ಒಂದು ನೋಟ್‌ಬುಕ್ ಮಾಡಿಸಿದ್ದೇನೆ. ಅದರಲ್ಲಿರುವ ಕೆಲವು ಮಾತು ನೋಡಿ.

"ಸಂಕಟ ಆಗ್ತಿದೆ." ವಾಂತಿ ಬರುವ ಹಾಗಾಗುತ್ತಿರಬಹುದು, ಎದೆ ಹಿಂಡುತ್ತಿರಬಹುದು, ಮನಸ್ಸಿಗೆ ಬೇಸರವೂ ಆಗಿರಬಹುದು. ಎಲ್ಲಿ ಅಂತ ಕೈಯಿಟ್ಟು ತೋರಿಸಿ ಅನ್ನಬೇಕು.

"ಗ್ಯಾಸ್ಟ್ರಿಕ್ ಕಣಮ್ಮ, ಸೋಡಾ ಕುಡಿದ್ರೆ ಹೋಗುತ್ತೆ." ಐವತ್ತು ದಾಟಿದವರು ಎದೆ ಮೇಲೆ ಕೈಯಿಟ್ಟು ಬೆವರುತ್ತಾ ಹೀಗಂದರೆ ಸೋಡಾ ಅಲ್ಲ, ಇಸಿಜಿ.

"ನೀರು ಹೋಗ್ತಾ ಇದೆ." ಬಸುರಿ ಹೆಂಗಸು ಹೀಗಂದರೆ ಬಾತ್‌ರೂಮ್ ತೋರಿಸಬೇಡಿ, ಸಿಸ್ಟರನ್ನು ಕೂಗಿ. "ಮಗು ಮಿಸುಕಾಡ್ತಿಲ್ಲ" ಅಂದರೂ ಅಷ್ಟೇ.

"ಒಂದಕ್ಕೆ," "ಎರಡಕ್ಕೆ." ಇವನ್ನು ಮಲಯಾಳಿ ಹುಡುಗ ಲೆಕ್ಕ ಅಂದುಕೊಂಡು ಬರೆದಿದ್ದ. ಔಟ್‌ಪುಟ್ ಚಾರ್ಟಿನಲ್ಲಿ ಒಂದು, ಎರಡು ಅಂತಿತ್ತು.

ಈ ನೋಟ್‌ಬುಕ್ಕಿಗೆ ಮೇಷ್ಟ್ರು ನಾನಲ್ಲ, ಕನ್ನಡ ಮೀಡಿಯಂನವರು. ಬೆಳಿಗ್ಗೆ ಅವರು ಕಲಿಸುತ್ತಾರೆ, ಮಧ್ಯಾಹ್ನ ಇಂಗ್ಲಿಷ್ ಬಲ್ಲವರು ಅವರಿಗೆ ಔಷಧಿಯ ಸ್ಪೆಲ್ಲಿಂಗ್, ಕೇರ್ ಪ್ಲಾನ್ ಬರೆಯುವುದನ್ನು ಹೇಳಿಕೊಡುತ್ತಾರೆ. ಒಂದು ಕಡೆಯಿಂದ ಮಾತ್ರ ಕೊಡುವ ಸಹಾಯ ಬೇಗ ಉಪಕಾರ ಅನ್ನಿಸಿಕೊಳ್ಳುತ್ತದೆ. ಎರಡೂ ಕಡೆಯಿಂದ ಇದ್ದರೆ ಬಾಳಿಕೆ ಬರುತ್ತದೆ. ಎಸ್ಟೇಟಿನ ಹುಡುಗಿಗೆ ತಮಿಳು ಬರುತ್ತದೆ, ಇನ್ನೊಬ್ಬಳಿಗೆ ಲಂಬಾಣಿ, ಮತ್ತೊಬ್ಬಳಿಗೆ ಉರ್ದು. ಯಾರಿಗೆ ಯಾವ ಭಾಷೆ ಬರುತ್ತದೆ ಅಂತ ಡ್ಯೂಟಿ ರೂಮಿನ ಗೋಡೆಗೆ ಅಂಟಿಸಿ. ಡಾಕ್ಟರ್‌ಗಳೂ ಬಂದು ನೋಡುತ್ತಾರೆ. ಆದರೆ ಕನ್ಸೆಂಟ್ ತೆಗೆದುಕೊಳ್ಳುವಾಗ ವಿದ್ಯಾರ್ಥಿಯನ್ನು ಒಬ್ಬಳನ್ನೇ ಮುಂದೆ ಬಿಡಬೇಡಿ, ಆ ಹೊಣೆ ಅವಳದಲ್ಲ.

ದೊಡ್ಡವರಿಗೆ ಎದುರು ಹೇಳುವುದು

"ದೊಡ್ಡವರಿಗೆ ಎದುರು ಮಾತಾಡಬೇಡ" ಅಂತ ನಮ್ಮ ಮನೆಗಳಲ್ಲಿ ಹೇಳಿಯೇ ಬೆಳೆಸುತ್ತಾರೆ. ವಾರ್ಡಿನಲ್ಲಿ ಇದೇ ಪಾಠ ಅಪಾಯ. ಪೆನಿಸಿಲಿನ್ ಕೊಟ್ಟಾಗ ಮೈಯೆಲ್ಲ ದದ್ದು ಎದ್ದಿತ್ತು ಅಂತ ಪೇಷೆಂಟ್ ಹೇಳಿದ್ದು ಮೊದಲ ವರ್ಷದ ಹುಡುಗಿಗೆ. ಇಂಜೆಕ್ಷನ್ ಲೋಡ್ ಮಾಡುತ್ತಿರುವುದು ಹತ್ತು ವರ್ಷ ಸರ್ವಿಸ್ ಆದ ಸಿಸ್ಟರ್. ಆ ಹುಡುಗಿ ಹೇಗೆ ಬಾಯಿ ತೆಗೆಯಬೇಕು?

ಧೈರ್ಯ ಬೇಕು ಅಂದರೆ ಸಾಲದು, ಮಾತು ಕೊಡಬೇಕು. ಅಮೆರಿಕದಲ್ಲಿ 2006ರಲ್ಲಿ ಟೀಮ್‌ಸ್ಟೆಪ್ಸ್ ಅನ್ನುವ ತರಬೇತಿ ಬಂತು. ಅದರಲ್ಲಿ ಮೂರು ಮೆಟ್ಟಿಲಿನ ಮಾತಿದೆ. ನಾನು ಅದನ್ನು ನಮ್ಮ ಕಡೆಯ ಬಾಯಿಗೆ ಒಗ್ಗುವ ಹಾಗೆ ಮಾಡಿಕೊಂಡಿದ್ದೇನೆ. ಮೊದಲು, "ಸಿಸ್ಟರ್, ನಂಗೊಂದು ಅನುಮಾನ." ಕೇಳಿಸಿಕೊಳ್ಳದಿದ್ದರೆ, "ಸಿಸ್ಟರ್, ಇದು ನಂಗೆ ಸರಿ ಕಾಣ್ತಿಲ್ಲ, ಇವರಿಗೆ ಅಲರ್ಜಿ ಇದೆ ಅಂದಿದ್ರು." ಆಗಲೂ ಮುಂದುವರಿದರೆ, "ಪೇಷೆಂಟಿಗೆ ಅಪಾಯ ಆಗುತ್ತೆ ಸಿಸ್ಟರ್, ದಯವಿಟ್ಟು ನಿಲ್ಸಿ." ಎರಡು ಸಲ ಹೇಳಿಯೂ ಆಗದಿದ್ದರೆ ಮೇಲಿನವರನ್ನು ಕರೆಯುವುದು ತಪ್ಪಲ್ಲ ಅಂತಲೂ ಆ ತರಬೇತಿಯಲ್ಲಿದೆ.

ಶನಿವಾರ ಮಧ್ಯಾಹ್ನ ಇದನ್ನು ಆಡಿಸಿ. ಸಿಡುಕು ಸಿಸ್ಟರ್ ಪಾತ್ರ ನೀವು ಹಾಕಿ, ನಗು ಬರುತ್ತದೆ, ಬರಲಿ. ಮೂರನೇ ಮಾತನ್ನು ಜೋರಾಗಿ ಹೇಳುವ ತನಕ ಬಿಡಬೇಡಿ. ಒಬ್ಬ ಹುಡುಗಿ ಮೊದಲ ಮಾತಿನಲ್ಲೇ ಅತ್ತುಬಿಟ್ಟಳು. ಮನೆಯಲ್ಲಿ ಅಪ್ಪನ ಮುಂದೆ ನಿಂತ ಹಾಗಾಯಿತಂತೆ. ಅವಳಿಗೆ ಆ ದಿನ ಸಾಕು ಅಂದೆ. ಮುಂದಿನ ಶನಿವಾರ ತಾನೇ ಬಂದಳು.

ಎದುರು ಹೇಳಿದವರಿಗೆ ಆಮೇಲೆ ಏನಾಗುತ್ತದೆ ಅನ್ನುವುದನ್ನು ಬ್ಯಾಚಿನವರೆಲ್ಲ ನೋಡುತ್ತಿರುತ್ತಾರೆ. ಇಂಟರ್ನಲ್ ಮಾರ್ಕ್ಸಿನಲ್ಲಿ ಅದರ ಏಟು ಬಿದ್ದರೆ ಕಥೆ ಮುಗಿಯಿತು. ಹಾರ್ವರ್ಡ್‌ನ ಏಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಆಸ್ಪತ್ರೆಯ ತಂಡಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಲೆಕ್ಕ ಹಾಕಿದರು. ಒಳ್ಳೆಯ ತಂಡದಲ್ಲಿ ತಪ್ಪು ಕಡಿಮೆ ಇರುತ್ತದೆ ಅಂತ ಅವರ ನಿರೀಕ್ಷೆ. ಲೆಕ್ಕ ಉಲ್ಟಾ ಬಂತು. ಒಳ್ಳೆಯ ತಂಡಗಳಲ್ಲೇ ಜಾಸ್ತಿ ತಪ್ಪು ದಾಖಲಾಗಿದ್ದವು. ಆಮೇಲೆ ಹೊಳೆದದ್ದು, ಅಲ್ಲಿನವರು ತಪ್ಪನ್ನು ಮುಚ್ಚಿಡದೆ ಹೇಳುತ್ತಿದ್ದರು, ಉಳಿದ ಕಡೆ ಹೇಳಲು ಹೆದರುತ್ತಿದ್ದರು. ನಿಮ್ಮ ಬ್ಯಾಚಿನಲ್ಲಿ ಈ ತಿಂಗಳು ಯಾರೂ ಒಂದು ತಪ್ಪನ್ನೂ ಒಪ್ಪಿಕೊಂಡಿಲ್ಲ ಅಂದರೆ ಖುಷಿ ಪಡಬೇಡಿ.

ಡ್ಯೂಟಿ ಮುಗಿದ ಮೇಲೆ ಹತ್ತು ನಿಮಿಷ ಕೂರಿಸಿ. ಇವತ್ತು ಏನು ಸರಿ ಹೋಯಿತು, ಎಲ್ಲಿ ಎಡವಿದೆವು, ನಾಳೆ ಯಾರಿಗೆ ಸಹಾಯ ಬೇಕು. ಲೀಡರ್ ಕೊನೆಗೆ ಮಾತಾಡಬೇಕು. ಟ್ಯೂಟರ್ ಅದಕ್ಕೂ ಆಮೇಲೆ. ನನಗೆ ಇದು ಇವತ್ತಿಗೂ ಕಷ್ಟ, ನಾಲಿಗೆ ತುರಿಸುತ್ತದೆ.

"ಯಾವ ಪೈಕಿ ಮಗಾ?"

ನಮ್ಮ ಕಡೆ ವಾರ್ಡಿನಲ್ಲಿ ಈ ಪ್ರಶ್ನೆ ಬರದ ದಿನ ಇಲ್ಲ. ಊರು ಕೇಳುತ್ತಾರೆ, ಅಪ್ಪನ ಹೆಸರು ಕೇಳುತ್ತಾರೆ, ಆಮೇಲೆ ನಿಧಾನಕ್ಕೆ ಅಲ್ಲಿಗೆ ಬರುತ್ತಾರೆ. ಎಷ್ಟೋ ಸಲ ಬರೀ ಮಾತಿಗೆ. ಕೆಲವು ಸಲ ಹಾಗಲ್ಲ. ಒಬ್ಬ ಹುಡುಗಿ, "ನಾನು ನರ್ಸಿಂಗ್ ಪೈಕಿ ಅಜ್ಜಿ, ಕೈ ಕೊಡಿ ಬಿಪಿ ನೋಡೋಣ" ಅಂದಳು. ವಾರ್ಡಿಗೆ ವಾರ್ಡೇ ನಕ್ಕಿತು. ಆ ಉತ್ತರ ಈಗ ನಮ್ಮ ಹುಡುಗಿಯರ ಬಾಯಲ್ಲೆಲ್ಲ ಇದೆ.

ಆದರೆ ಎಲ್ಲ ಸಲವೂ ನಗುವಿನಲ್ಲಿ ಮುಗಿಯುವುದಿಲ್ಲ. ಇವಳು ಮುಟ್ಟುವುದು ಬೇಡ, ಬೇರೆಯವರನ್ನು ಕಳಿಸಿ ಅನ್ನುವವರಿದ್ದಾರೆ. ಜಾತಿಗೋ, ಧರ್ಮಕ್ಕೋ, ಮುಖಚಹರೆಗೋ. ಆಗ ಲೀಡರ್ ಮಾಡುವ ಸಾಮಾನ್ಯ ತಪ್ಪು ಅಂದರೆ, ಗಲಾಟೆ ಯಾಕೆ ಅಂತ ಸುಮ್ನೆ ಬೆಡ್ಡು ಬದಲಾಯಿಸುವುದು. ವಾರ್ಡಿಗೆ ನೆಮ್ಮದಿ ಸಿಗುತ್ತದೆ, ಆ ಹುಡುಗಿಗೆ ಪಾಠ ಸಿಗುತ್ತದೆ. ನನ್ನ ಅಭಿಪ್ರಾಯದಲ್ಲಿ ಬದಲಾಯಿಸಲೇಬಾರದು. ಲೀಡರ್ ಪಕ್ಕದಲ್ಲಿ ಹೋಗಿ ನಿಂತು, "ಅಮ್ಮಾ, ಈ ವಾರ ನಿಮ್ಮನ್ನ ನೋಡ್ಕೊಳ್ಳೋದು ಇವರೇ. ನಾನೂ ಜೊತೆಗಿರ್ತೀನಿ" ಅನ್ನಬೇಕು. ದನಿ ಏರಿಸುವುದು ಬೇಡ, ಬುದ್ಧಿ ಹೇಳುವುದೂ ಬೇಡ. ಆಗಲೂ ಒಪ್ಪದಿದ್ದರೆ ಇನ್‌ಚಾರ್ಜ್ ಸಿಸ್ಟರನ್ನು ಕರೆಯಬೇಕು. ಅಲ್ಲಿಂದ ಮುಂದಕ್ಕೆ ಅದು ದೊಡ್ಡವರ ಕೆಲಸ. ಆ ಹುಡುಗಿಯನ್ನು ಆಮೇಲೆ ಒಬ್ಬಳನ್ನೇ ಬಿಡಬೇಡಿ, ಟೀ ಕುಡಿಯಲು ಜೊತೆಯಲ್ಲಿ ಹೋಗಿ.

ಇದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಇದೆ. ಹೆಂಗಸೊಬ್ಬರು, ಒಳಗಿನ ಪರೀಕ್ಷೆಗೆ ಹುಡುಗ ಬೇಡ, ಹುಡುಗಿ ಬರಲಿ ಅಂದರೆ ಅದು ನಾಚಿಕೆ, ಅವರ ಹಕ್ಕು. ಒಪ್ಪಿಕೊಳ್ಳಿ. ಆದರೆ ಅದನ್ನೇ ನೆಪ ಮಾಡಿಕೊಂಡು ಗಂಡು ವಿದ್ಯಾರ್ಥಿಗಳನ್ನು ಹೆರಿಗೆ ವಾರ್ಡಿನಿಂದ ಹೊರಗೇ ಕೂರಿಸಬೇಡಿ. ಮಗುವಿನ ತೂಕ, ತಾಯಿಯ ಬಿಪಿ, ಹಾಲುಣಿಸುವುದರ ಬಗ್ಗೆ ಗಂಡಂದಿರಿಗೆ ಹೇಳಿಕೊಡುವುದು ಇವೆಲ್ಲ ಅವರು ಮಾಡಬಹುದು. ಪಕ್ಕದಲ್ಲಿ ಒಬ್ಬ ಹುಡುಗಿ ಇರಲಿ. ಲೀಡರ್ ಸರದಿಯಲ್ಲಿ ಅವರ ಹೆಸರು ಹೆರಿಗೆ ವಾರ್ಡಿನಲ್ಲೂ ಬರಲಿ.

ವಿದ್ಯಾರ್ಥಿಗಳ ನಡುವೆಯೇ ಇಂಥದ್ದು ನಡೆದರೆ, ಅಂದರೆ ರೂಮಿನಲ್ಲಿ ಸೇರಿಸಿಕೊಳ್ಳದಿರುವುದು, ಅಡ್ಡಹೆಸರು ಇಡುವುದು, ಊಟದ ತಟ್ಟೆ ಬೇರೆ ಮಾಡುವುದು, ಅದನ್ನು ವಿದ್ಯಾರ್ಥಿ ಲೀಡರ್ ತಲೆಗೆ ಕಟ್ಟಬೇಡಿ. ಯುಜಿಸಿಯ 2009ರ ರ‍್ಯಾಗಿಂಗ್ ತಡೆ ನಿಯಮಗಳಿವೆ, ಕಾಲೇಜಿನಲ್ಲಿ ಸಮಿತಿ ಇರಬೇಕು. ಅದು ಪ್ರಿನ್ಸಿಪಾಲರ ಟೇಬಲ್ಲಿಗೆ ಹೋಗಬೇಕು. ಇಪ್ಪತ್ತು ವರ್ಷದ ಹುಡುಗಿ ರಾಜಿ ಪಂಚಾಯ್ತಿ ಮಾಡಲು ಹೋದರೆ ಪೆಟ್ಟು ತಿಂದವರಿಗೇ ಮತ್ತೆ ಪೆಟ್ಟು.

ಹಾಸ್ಟೆಲ್ಲು, ಮೆಸ್ಸು, ರಜೆ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ವರ್ಷದ ಶುರುವಿನಲ್ಲಿ ಒಂದು ಕ್ಯಾಲೆಂಡರ್ ಗೋಡೆಗೆ ಹಾಕಿ. ಮನೆಯಲ್ಲಿ ಇರಲೇಬೇಕು ಅನ್ನಿಸುವ ಎರಡು ದಿನಗಳನ್ನು ಪ್ರತಿಯೊಬ್ಬರೂ ಅದರಲ್ಲಿ ಬರೆಯಲಿ. ಬಕ್ರೀದ್, ಓಣಂ, ಕ್ರಿಸ್‌ಮಸ್, ಊರ ಮಾರಮ್ಮನ ಹಬ್ಬ. ನೈಟ್ ಡ್ಯೂಟಿ ಪಟ್ಟಿ ಹಾಕುವ ಲೀಡರ್ ಅದನ್ನು ನೋಡಿಯೇ ಹಾಕಬೇಕು. ಬಕ್ರೀದ್ ದಿನ ಡ್ಯೂಟಿ ವಹಿಸಿಕೊಂಡವಳಿಗೆ ದೀಪಾವಳಿಗೆ ರಜೆ. ಬೇರೆ ಯಾವ ಭಾಷಣಕ್ಕಿಂತಲೂ ಈ ಅದಲುಬದಲು ಚೆನ್ನಾಗಿ ಕೆಲಸ ಮಾಡಿದೆ.

ನಮ್ಮ ಕ್ಯಾಲೆಂಡರಿನಲ್ಲಿ ಎಸ್ಟೇಟಿನ ಹುಡುಗಿ ಹಬ್ಬ ಬರೆದಿರಲಿಲ್ಲ. ಜನವರಿಯ ಮೇಲೆ ಕಾಫಿ ಕೊಯ್ಲು ಅಂತ ಬರೆದಿದ್ದಳು. ಕೇಳಿದರೆ, "ಆಗ ಪೇರೆಂಟ್ಸ್ ಮೀಟಿಂಗ್ ಇಡಬೇಡಿ ಮೇಡಂ, ಅಮ್ಮ ಬಂದರೆ ಕೂಲಿ ಹೋಗುತ್ತೆ" ಅಂದಳು. ಎಷ್ಟು ವರ್ಷದಿಂದ ಮೀಟಿಂಗಿಗೆ ಬಾರದ ತಾಯಂದಿರ ಬಗ್ಗೆ ಸ್ಟಾಫ್ ರೂಮಿನಲ್ಲಿ ಆಡಿಕೊಂಡಿದ್ದೆವೋ.

ದುಡ್ಡಿನ ವಿಷಯದಲ್ಲಿ ಒಂದೇ ಮಾತು. ಯಾರ ಸ್ಕಾಲರ್‌ಶಿಪ್ ಬಂದಿಲ್ಲ, ಯಾರು ಫೀಸ್ ಕಟ್ಟಿಲ್ಲ ಅನ್ನುವ ಪಟ್ಟಿಯನ್ನು ಕ್ಲಾಸ್ ಲೀಡರ್ ಕೈಲಿ ವಾಟ್ಸಾಪ್ ಗ್ರೂಪಿಗೆ ಹಾಕಿಸಬೇಡಿ. ಮೇ 12ರ ನರ್ಸ್‌ಗಳ ದಿನಕ್ಕೆ ಎಲ್ಲರೂ ಒಂದೇ ಬಣ್ಣದ ಸೀರೆ ಅನ್ನುವ ಮೊದಲೂ ಯೋಚಿಸಿ.

ವಿದ್ಯಾರ್ಥಿ ಸಂಘದ ಬಗ್ಗೆಯೂ ಒಂದು ಮಾತು. 1908ರಲ್ಲಿ ಹುಟ್ಟಿದ ಭಾರತೀಯ ತರಬೇತಾದ ನರ್ಸ್‌ಗಳ ಸಂಘದ ಕೆಳಗೆ 1929ರಿಂದ ವಿದ್ಯಾರ್ಥಿಗಳಿಗೇ ಅಂತ ಎಸ್‌ಎನ್‌ಎ (ಸ್ಟೂಡೆಂಟ್ ನರ್ಸಸ್ ಅಸೋಸಿಯೇಷನ್) ಇದೆ. ಅಲ್ಲಿ ಸಿಗುವ ಅವಕಾಶ ದೊಡ್ಡದು. ಆದರೆ ಹುದ್ದೆ ಹಂಚುವಾಗ ಹುಡುಗರಿಗೆ ಸ್ಪೋರ್ಟ್ಸ್, ಚೆಂದ ಕಾಣುವವರಿಗೆ ಕಲ್ಚರಲ್, ಕನ್ನಡ ಮೀಡಿಯಂನವರಿಗೆ ಸ್ಟೇಜ್ ಅಲಂಕಾರ ಅಂತ ತಾನಾಗಿಯೇ ಆಗಿಬಿಡುತ್ತದೆ. ಖಜಾಂಚಿ ಕೆಲಸವನ್ನು ಒಮ್ಮೆ ತಾಂಡಾದ ಹುಡುಗಿಗೆ ಕೊಟ್ಟು ನೋಡಿ. ಮನೆಯಲ್ಲಿ ಸ್ವಸಹಾಯ ಸಂಘದ ಸಾಲದ ಪುಸ್ತಕ ಬರೆದು ಅಭ್ಯಾಸ ಇರುವವಳು, ನಮ್ಮವಳು ಹೊಳೆನರಸೀಪುರದ ಕ್ಯಾಂಪಿನ ಬಸ್ ಚಾರ್ಜಿನ ಚಿಲ್ಲರೆಗೂ ಲೆಕ್ಕ ಕೊಟ್ಟಳು.

ಆಯಾನ ಕೇಳಿ

ಇದು ಕೆಲಸ ಮಾಡುತ್ತಿದೆಯಾ ಅಂತ ತಿಳಿಯಲು ಪ್ರಶ್ನಾವಳಿ, ಸರ್ಟಿಫಿಕೇಟು ಬೇಡ. ಎರಡು ತಿಂಗಳಾದ ಮೇಲೆ ಮತ್ತೆ ಒಂದು ವಾರ ಗೀಟು ಹಾಕಿ, ಹಳೆಯ ಹಾಳೆಯ ಪಕ್ಕ ಇಟ್ಟು ನೋಡಿ. ಉದ್ದ ಗೀಟು ಹೊಸ ಹೆಸರುಗಳ ಮುಂದೆ ಬಂದಿದೆಯಾ? ಲ್ಯಾಬಿಗೆ ಓಡುವವರು ಬದಲಾಗಿದ್ದಾರಾ?

ಆಮೇಲೆ ವಾರ್ಡಿನ ಆಯಾನ ಕೇಳಿ. ಅವರಿಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ. ಯಾವ ಲೀಡರ್ ಬಂದಾಗ ಹುಡುಗಿಯರು ಬಾತ್‌ರೂಮಿನಲ್ಲಿ ಅಳುತ್ತಾರೆ, ಯಾರು ಬಂದಾಗ ಪೇಷೆಂಟ್ ಬೆಲ್ ಒತ್ತುವುದು ಕಡಿಮೆ ಆಗುತ್ತದೆ, ಯಾರು ಆಯಾನನ್ನೂ ಹೆಸರು ಹಿಡಿದು ಅಕ್ಕಾ ಅಂತ ಕರೆಯುತ್ತಾರೆ, ಎಲ್ಲ ಹೇಳುತ್ತಾರೆ. ನನಗೆ ಒಮ್ಮೆ ಹೇಳಿದ್ದು: "ಆ ಅರಕಲಗೂಡಿನ ಮಗು ಇದ್ದ ವಾರ ಯಾರೂ ಕೂಗಾಡ್ಲಿಲ್ಲ ಕಣ್ ಮೇಡಂ. ಕೆಲಸ ಎಲ್ಲಾ ಆಗೈತೆ, ಯಾರು ಮಾಡ್ಸಿದ್ರು ಅಂತಲೇ ಗೊತ್ತಾಗ್ಲಿಲ್ಲ."

ಸರದಿ ಪಟ್ಟಿ ಬರೆಯುವಾಗ ಪೆನ್ಸಿಲ್ ಬಳಸಿ. ಒಬ್ಬರಿಗೆ ಜ್ವರ ಬರುತ್ತದೆ, ಒಬ್ಬರ ಅಜ್ಜಿ ತೀರಿಕೊಳ್ಳುತ್ತಾರೆ, ಸಕಲೇಶಪುರದ ಕಡೆ ಆನೆ ಬಂದು ರಸ್ತೆ ಬಂದ್ ಆಗುತ್ತದೆ. ಹಾಸನಾಂಬೆ ಬಾಗಿಲು ತೆಗೆದ ದಿನಗಳಲ್ಲಂತೂ ಊರಿಗೆ ಬರುವ ಯಾವ ಬಸ್ಸನ್ನೂ ನಂಬುವ ಹಾಗಿಲ್ಲ. ಆ ದಿನಗಳಿಗೆ ಲೀಡರ್ ಆಗಿ ಹಾಸ್ಟೆಲ್ಲಿನವರನ್ನೇ ಹಾಕಿ, ಬಸ್ಸಿನವರ ಸರದಿಯನ್ನು ಮುಂದಿನ ವಾರಕ್ಕೆ ಬರೆದಿಡಿ. ಅಳಿಸಿದ ಹೆಸರನ್ನು ಮತ್ತೆ ಬರೆಯುವುದು ಮಾತ್ರ ಮರೆಯಬೇಡಿ.